ಎಲೆ ಮೇಷ್ಟ್ರ ನೇಲ್ ಪಾಲಿಶ್

ಬೀದಿಯವರಿಗೆಲ್ಲ ಅವರು ಎಲೆ ಮೇಷ್ಟ್ರು. ಕಲ್ಲಿನೊಳಗೆ ಅಚ್ಚಾಗಿ ಉಳಿದ ಕೋಟ್ಯಂತರ ವರ್ಷ ಹಳೆಯ ಎಲೆಗಳಿಗೆ ಇಂದಿನ ಗಿಡಮರಗಳಲ್ಲಿ ನೆಂಟರು ಯಾರೆಂದು ಹುಡುಕುವುದು ಅವರ ಮೂವತ್ತು ವರ್ಷದ ಕಸುಬು. ಅದಕ್ಕೆ ಅವರಿಗೆ ಬೇಕಾದದ್ದು ಬಣ್ಣವಿಲ್ಲದ ನೇಲ್ ಪಾಲಿಶ್! ಹಸಿ ಎಲೆಯ ಬೆನ್ನಿಗೆ ಅದನ್ನು ಬಳಿದು, ಒಣಗಿದ ಮೇಲೆ ಸೆಲೋಟೇಪ್ ಒತ್ತಿ ಕಿತ್ತರೆ, ಎಲೆ ಉಸಿರಾಡುವ ಸಣ್ಣ ಕಿಂಡಿಗಳ ಅಚ್ಚು ಟೇಪಿಗೆ ಬರುತ್ತದೆ. ಅದನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಕಲ್ಲಾದ ಎಲೆಯ ಕಿಂಡಿಗಳ ಜೊತೆ ಹೋಲಿಸಿ ನೋಡುತ್ತಾರೆ.

ತಿಂಗಳಿಗೊಂದು ಡಜನ್ ಸೀಸೆ ಒಯ್ಯುವ ಈ ಗಿರಾಕಿಯ ಹೆಂಡತಿಯನ್ನು ಒಮ್ಮೆ ನೋಡಬೇಕೆಂದು ಅಂಗಡಿಯಾಕೆಗೆ ಬಹಳ ದಿನದ ಆಸೆ. ಮೊನ್ನೆ ಇಬ್ಬರೂ ಜೊತೆಯಲ್ಲಿ ಬಂದಾಗ ಅವಳ ಕಣ್ಣು ನೇರವಾಗಿ ಹೋದದ್ದು ಆ ಅಮ್ಮನ ಹೊಳಪೇ ಇಲ್ಲದ ಬೋಳು ಉಗುರುಗಳ ಮೇಲೆ. ಆಮೇಲೆ ಮೇಷ್ಟ್ರನ್ನು ಕೆಕ್ಕರಿಸಿ ನೋಡಿದಳು.

“ಮತ್ತೆ ಅಷ್ಟೊಂದು ಯಾರಿಗೆ ಸಾರ್?”

“ಎಲ್ಲಾ ಎಲೆಗಳಿಗೇ ಕಣಮ್ಮಾ. ನನಗೆ ಇವತ್ತಿನವರೆಗೂ ಒಂದು ತೊಟ್ಟೂ ಸಿಕ್ಕಿಲ್ಲ,” ಎಂದು ಹೆಂಡತಿ ನಕ್ಕರು.

ಮೇಷ್ಟ್ರಿಗೆ ಚುರುಕ್ ಎಂದಿತು. ಮನೆಗೆ ಬಂದವರೇ ಹೆಂಡತಿಯನ್ನು ಕಿಟಕಿಯ ಬೆಳಕಿನಲ್ಲಿ ಕೂರಿಸಿ, ಹತ್ತೂ ಉಗುರಿಗೆ ಒಂದು ಗುಳ್ಳೆಯೂ ಏಳದಂತೆ ತೆಳ್ಳಗೆ ಬಳಿದರು. ಬಾಗಿ ಬಾಗಿ ಊದಿ ಒಣಗಿಸಿದರು. ಹೆಂಡತಿಯ ಮುಖ ಊರಗಲವಾಯಿತು.

ಅಷ್ಟರಲ್ಲಿ, ಮೂವತ್ತು ವರ್ಷ ಪಳಗಿದ ಕೈ ತನ್ನಷ್ಟಕ್ಕೆ ತಾನೇ ಜೇಬಿಗೆ ಹೋಯಿತು.

“ರೀ, ಏನ್ ಮಾಡ್ತಿದೀರಿ!” ಎಂದು ಹೆಂಡತಿ ಕೂಗುವ ಹೊತ್ತಿಗೆ ಹೆಬ್ಬೆರಳಿನ ಪಾಲಿಶ್ ಸೆಲೋಟೇಪಿನ ಜೊತೆ ಸಲೀಸಾಗಿ ಎದ್ದು ಬಂದಿತ್ತು. ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ಹಿಗ್ಗಿ ಹೀರೇಕಾಯಾಗಿದ್ದರು:

“ಎಷ್ಟು ಚೆನ್ನಾಗಿ ಬಂದಿದೆ ನೋಡೇ!”