ಗುಡ್ಡಕ್ಕೆ ಮೂರು ಕಾಲದ ಸಾಕ್ಷಿ

೧೯೭೮ರಲ್ಲಿ ನಾನು ಶಿಗ್ಗಾಂವಿಯಲ್ಲಿದ್ದೆ. ಸರ್ಕಾರಿ ಇಲಾಖೆಯೊಂದರ ಛಾಯಾಗ್ರಾಹಕ. ಹಾನಗಲ್ಲಿನ ಕೆರೆ ಕಾಮಗಾರಿ, ಸವಣೂರಿನ ಉದ್ಘಾಟನೆ, ಹಿರೇಕೆರೂರಿನ ಸಸಿ ನೆಡುವ ಸಮಾರಂಭ, ಎಲ್ಲಕ್ಕೂ ನಾನೇ. ಹೆಚ್ಚಾಗಿ ತೆಗೆದದ್ದು ಹಾರ ಹಾಕಿಸಿಕೊಳ್ಳುವವರ ಕುತ್ತಿಗೆಗಳನ್ನು. ಮನೆತನದವರೆಲ್ಲ ಶಾಸ್ತ್ರ ಓದಿದವರು. ನಾನು ಡಬ್ಬಿ ಹೊತ್ತು ತಿರುಗುತ್ತೇನೆಂದು ಅಪ್ಪನಿಗೆ ಕಡೆಯವರೆಗೂ ಬೇಸರವಿತ್ತು.

ಆ ವರ್ಷ ತಡಸದ ಕಡೆಯ ಒಂದು ಗುಡ್ಡವನ್ನು ಕಲ್ಲುಗಣಿಗೆ ಕೊಡಬೇಕೆಂದು ಗುತ್ತಿಗೆದಾರನೊಬ್ಬ ಅರ್ಜಿ ಹಾಕಿದ. ‘ಹುಲ್ಲುಕಡ್ಡಿಯೂ ಬೆಳೆಯದ ಬಂಜರು’ ಎಂದು ಬರೆದು, ಬೇಸಿಗೆಯಲ್ಲಿ ತೆಗೆಸಿದ ಒಂದು ಫೋಟೋ ಲಗತ್ತಿಸಿದ್ದ. ಫೋಟೋ ಸುಳ್ಳಲ್ಲ, ಗುಡ್ಡ ಬೋಳಾಗಿಯೇ ಇತ್ತು. ಆದರೆ ಮಳೆ ಬಿದ್ದ ಮೇಲೆ ಸುತ್ತಲಿನ ಮೂರು ಊರಿನ ದನ ಮೇಯುತ್ತಿದ್ದುದು ಅಲ್ಲಿಯೇ.

ನಮ್ಮ ಅರಣ್ಯ ಅಧಿಕಾರಿಗಳು ಹಿಂದೊಮ್ಮೆ ತರಬೇತಿಗೆಂದು ಉತ್ತರದ ಒಂದು ಪರ್ವತ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದರು. ಅಲ್ಲಿ ಒಂದೇ ಇಳಿಜಾರನ್ನು ಒಂದೇ ಜಾಗದಿಂದ ಪ್ರತಿ ಋತುವಿನಲ್ಲೂ ಚಿತ್ರ ತೆಗೆದು ಗೋಡೆಗೆ ಹಾಕಿದ್ದನ್ನು ನೋಡಿ ಬಂದಿದ್ದರು. ಅರ್ಜಿಗೆ ತಕರಾರು ಸಲ್ಲಿಸಲು ನನ್ನನ್ನು ಕರೆದು, "ಹಂಗ ನಮ್ಮ ಗುಡ್ಡದ್ದೂ ಮಳಿ, ಚಳಿ, ಬ್ಯಾಸಿಗಿ ಮೂರೂ ಕಾಲದ್ದು ಆಗಬೇಕ್ರಿ" ಎಂದರು.

"ಹಿಮ ಎಲ್ಲಿಂದ ತರೂಣ್ರಿ ಸಾಹೇಬ್ರ?" ಎಂದೆ.

"ಹುಲ್ಲು ತರ್ರಿ ಸಾಕು. ಆದ್ರ ಜಾಗಾ ಒಂದಿಂಚು ಸರೀಬಾರದು. ಸರೀತಂದ್ರ ಅದು ಬ್ಯಾರೆ ಗುಡ್ಡ ಅಂತಾರ."

ಆಗಸ್ಟ್‌ನಲ್ಲಿ, ಮಳೆ ಹೊಳವಾದ ಒಂದು ಮಧ್ಯಾಹ್ನ, ಹೊಲದ ಬದುವಿನ ಮೇಲೆ ಟ್ರೈಪಾಡ್ ಊರಿ ಮೊದಲ ಚಿತ್ರ ತೆಗೆದೆ. ಗುಡ್ಡ ಹಸಿರು ಉಕ್ಕಿ ನಿಂತಿತ್ತು. ಮತ್ತೆ ಬಂದಾಗ ಜಾಗ ಸಿಗಲೆಂದು ಅಲ್ಲೊಂದು ಕಲ್ಲು ಹುಗಿದೆ. ದೂರಕ್ಕೂ ಕಾಣಲಿ ಎಂದು ಅದಕ್ಕೆ ಸುಣ್ಣ ಬಳಿದೆ. ಸುಣ್ಣ ಮಳೆಗೆ ಮಾಸಿದರೆ ಎಂದು ಮೇಲೆ ಕೆಮ್ಮಣ್ಣಿನ ಪಟ್ಟಿಯನ್ನೂ ಎಳೆದೆ. ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಇದರ ಪರಿಣಾಮ ಆಗಲೇ ಹೊಳೆಯಬೇಕಿತ್ತು.

ನವೆಂಬರಿನಲ್ಲಿ ಮೊದಲ ಬಸ್ಸಿಗೆ ಹೋದೆ. ದಟ್ಟ ಮಂಜು. ನನ್ನ ಕಲ್ಲಿಗೆ ಅರಿಸಿನ, ಕುಂಕುಮ, ಸೇವಂತಿಗೆ ಹೂವು! ನಗು ಬಂತು, ಒಳಗೊಳಗೆ ಖುಷಿಯೂ ಆಯಿತು. ಮೇಲೊಂದು ಬೇವಿನ ಮರವಿತ್ತು. ಹೋದ ಸಲ ಇದು ಇತ್ತೇ ಎಂದು ಅನುಮಾನ ಬಂದದ್ದು ನಿಜ. ಕಲ್ಲಿಗೇನು ಕಾಲಿದೆಯೇ ಎಂದುಕೊಂಡು ಚಪ್ಪಲಿ ಬಿಟ್ಟು, ಅದರ ಹಿಂದೆಯೇ ಟ್ರೈಪಾಡ್ ಊರಿದೆ. ಮಂಜು ಸೀಳಿ ಗುಡ್ಡದ ನೆತ್ತಿ ಕಂಡ ಗಳಿಗೆಯಲ್ಲಿ ಕ್ಲಿಕ್ಕಿಸಿದೆ. ನನ್ನ ನೌಕರಿಯಲ್ಲಿ ಅಷ್ಟು ಚೆಂದದ ಚಿತ್ರವನ್ನು ಇನ್ನೊಮ್ಮೆ ತೆಗೆದಿಲ್ಲ.

ಡಾರ್ಕ್‌ರೂಮಿನಲ್ಲಿ ಎರಡೂ ಪ್ರಿಂಟುಗಳನ್ನು ಪಕ್ಕಪಕ್ಕ ಇಟ್ಟಾಗ ತಪ್ಪು ಕಣ್ಣಿಗೆ ಬಿತ್ತು. ಗುಡ್ಡದ ನೆತ್ತಿಯಲ್ಲಿ ಒಂದು ತಗ್ಗಿದೆ, ಮುಂದೆ ಹೊಲದಲ್ಲಿ ಒಂಟಿ ಮುತ್ತುಗದ ಮರವಿದೆ. ಮೊದಲ ಚಿತ್ರದಲ್ಲಿ ಮರ ತಗ್ಗಿನ ನೇರ ಕೆಳಗಿತ್ತು. ಎರಡನೆಯದರಲ್ಲಿ ನಾಲ್ಕು ಬೆರಳು ಎಡಕ್ಕೆ ಸರಿದಿತ್ತು. ಎಂದರೆ ನಾನು ನಿಂತದ್ದೇ ಬೇರೆ ಕಡೆ.

ಅಧಿಕಾರಿಗಳಿಗೆ ತಪ್ಪೊಪ್ಪಿಕೊಂಡೆ. ಅವರು ಮಂಜಿನ ಚಿತ್ರವನ್ನು ಕೈಯಿಂದ ಕೆಳಗಿಡಲಿಲ್ಲ. "ಇಷ್ಟು ಛಂದ ಐತಿ, ಇದನ್ನ ಹಚ್ಚೂಣು. ಮರಾ ಯಾರು ನೋಡ್ತಾರ?"

"ಗುತ್ತಿಗೆದಾರನ ವಕೀಲ್ರು ನೋಡ್ತಾರ್ರಿ. ಇದೊಂದು ಸುಳ್ಳಾತಂದ್ರ ಮೂರೂ ಸುಳ್ಳಾಗ್ತಾವ. ನಾ ನಾಳೆ ಮತ್ತ ಹೋಗ್ತೇನಿ" ಎಂದೆ. ಮೇಲಿನವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಹುಲ್ಲು ಒಣಗುವ ಮುನ್ನ ನನ್ನ ಕೈಯಲ್ಲಿ ಹೆಚ್ಚು ದಿನಗಳಿರಲಿಲ್ಲ.

ಮರುದಿನ ಹೊಲದೊಡತಿ ಫಕೀರವ್ವ ಸಿಕ್ಕಳು. ಕಲ್ಲನ್ನು ಸರಿಸಿದವಳು ಅವಳೇ. "ದೇವರು ಬಿಸಿಲಾಗ ಕುಂತಿತ್ರಿ. ಜೀವ ತಡೀಲಿಲ್ಲ, ನೆಳ್ಳಿಗೆ ಕುಂದ್ರಿಸೇವಿ" ಎಂದಳು.

"ಅದು ದೇವರಲ್ಲ ಯವ್ವಾ, ಗುರ್ತಿನ ಕಲ್ಲು. ನಾನ ಹುಗದದ್ದು."

"ನೀವು ಹುಗದ್ರಿ, ನಾವು ಪೂಜಿ ಮಾಡಿ ನಡಕೊಂಡ್ವಿ. ಈಗ ಎಬ್ಬಸಾಕ ಬರಂಗಿಲ್ರಿ."

"ಎಬ್ಬಸೂದು ಬ್ಯಾಡ. ಮೊದಲ ಎಲ್ಲಿತ್ತು, ಅದನ್ನರ ತೋರ್ಸು. ಗುಡ್ಡ ಉಳಿಸಾಕ ಬೇಕಾಗೇತಿ."

ಅವಳ ನಗು ನಿಂತಿತು. "ಗುಡ್ಡ ಹೋದ್ರ ನಮ್ಮ ದನಾ ಎಲ್ಲಿಗೆ ಹೊಡೀಬೇಕ್ರಿ?" ಎಂದವಳೇ ಬದುವಿನ ಮೇಲೆ ಮುಂದೆ ನಡೆದಳು. ಕಲ್ಲಿನ ಗುಣಿ ಮಳೆಗೆ ಮುಚ್ಚಿಹೋಗಿತ್ತು. ಇಲ್ಲೇ ಎಲ್ಲೋ ಎನ್ನುವಷ್ಟೇ ಅವಳಿಗೆ ನೆನಪು. ನಾನು ಆಗಸ್ಟ್‌ನ ಪ್ರಿಂಟನ್ನು ಕಣ್ಣ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತ ಹೋದೆ. ಎಡಬಲ ಸರಿದರೆ ಮರ ತಗ್ಗಿನಡಿಗೆ ಬರುತ್ತದೆ. ಹಿಂದೆ ಮುಂದೆ ಸರಿದರೆ ಮರದ ಎತ್ತರ ಹೊಂದುತ್ತದೆ. ಎರಡೂ ಕೂಡಿದ ಕಡೆ ಒಂದೇ ಜಾಗ. ಅದನ್ನು ಹಿಡಿಯಲು ಊಟದ ಹೊತ್ತು ಮೀರಿತು. ಫಕೀರವ್ವ ಕೊಟ್ಟ ರೊಟ್ಟಿ, ಪುಂಡಿಪಲ್ಲೆಯನ್ನು ನಿಂತಲ್ಲೇ ತಿಂದೆ. ಕೂತರೆ ಜಾಗ ತಪ್ಪೀತೆಂಬ ಹೆದರಿಕೆ. ಆಮೇಲೆ ತೆಗೆದ ಚಿತ್ರ ಸಪ್ಪೆ: ನೆತ್ತಿಯ ಬಿಸಿಲು, ಅರ್ಧ ಹೊಂಬಣ್ಣಕ್ಕೆ ತಿರುಗಿದ ಹುಲ್ಲು, ಅಲ್ಲಲ್ಲಿ ದನ. ಈ ಸಲ ನೆಲಕ್ಕೆ ಗೂಟ ಬಡಿದೆ. ಬಣ್ಣ ಮಾತ್ರ ಬಳಿಯಲಿಲ್ಲ.

ಏಪ್ರಿಲ್‌ನಲ್ಲಿ ಅದೇ ಗೂಟದಿಂದ ಬೋಳು ಗುಡ್ಡವನ್ನೂ ತೆಗೆದು, ಮುಚ್ಚುಮರೆಯಿಲ್ಲದೆ ಕಡತಕ್ಕೆ ಸೇರಿಸಿದೆವು. ಆ ತಿಂಗಳ ಕೊನೆಗೆ ಗಣಿ ಅರ್ಜಿಯ ವಿಚಾರಣಾಧಿಕಾರಿ ಸ್ಥಳ ಪರಿಶೀಲನೆಗೆ ಬಂದರು. ಕಣ್ಣೆದುರಿಗೆ ಸುಟ್ಟ ಹಂಚಿನಂಥ ಗುಡ್ಡ. ಗುತ್ತಿಗೆದಾರನ ವಕೀಲರು ಹುಲ್ಲು ತುಂಬಿದ ಚಿತ್ರಗಳನ್ನು ಬೆರಳಿನಿಂದ ತಟ್ಟಿ, "ಇವು ಹಾನಗಲ್ ಕಡೀ ಗುಡ್ಡ ಇರಬೇಕ್ರಿ ಸಾಹೇಬ್ರ" ಎಂದು ನಕ್ಕರು. ಊರವರೂ ಬಂದು ನಿಂತಿದ್ದರು. ಫಕೀರವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

ವಿಚಾರಣಾಧಿಕಾರಿ ನನ್ನತ್ತ ತಿರುಗಿದರು. "ಎಲ್ಲಿ ನಿಂತು ತಗದೀರಿ?"

ಗೂಟದ ಹತ್ತಿರ ಕರೆದುಕೊಂಡು ಹೋದೆ. ಅವರು ಪ್ರಿಂಟುಗಳನ್ನು ಒಂದೊಂದಾಗಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರು. ಮೂರರಲ್ಲೂ ಮರ ತಗ್ಗಿನಡಿ ಇತ್ತು. ಎದುರಿಗೂ ಹಾಗೆಯೇ ಇತ್ತು. ಬೇಕೆಂದೇ ಎರಡು ಹೆಜ್ಜೆ ಆಚೆ ಸರಿದು ನೋಡಿದರು, ಮರ ತಪ್ಪಿತು. ಮರಳಿ ಬಂದು ನಿಂತು, "ವಕೀಲ್ರ, ಇಲ್ಲಿ ಬಂದು ನಿಲ್ರಿ" ಎಂದರು. ವಕೀಲರು ನಿಂತರು, ನೋಡಿದರು, ಪ್ರಿಂಟುಗಳನ್ನು ಮರಳಿ ಕೊಟ್ಟರು.

ಅರ್ಜಿ ತಿರಸ್ಕೃತವಾಯಿತು. ಗುಡ್ಡ ಗೋಮಾಳವಾಗಿಯೇ ಉಳಿಯಿತು.

ಆಮೇಲೆ ಮೂವತ್ತು ವರ್ಷ ಕ್ಯಾಮೆರಾ ಹಿಡಿದೆ. ಚಿತ್ರ ಚೆಂದ ಬಂದಿದೆಯೇ ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಎಲ್ಲಿ ನಿಂತು ತೆಗೆದೆ ಎಂದು ಕೇಳಿದವರು ಆ ವಿಚಾರಣಾಧಿಕಾರಿ ಒಬ್ಬರೇ. ಕೇಳುವವರಿರಲಿ ಬಿಡಲಿ, ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಕೆಲಸ ಮಾಡಬೇಕೆಂಬುದನ್ನು ನಾನು ಆ ಬದುವಿನ ಮೇಲೆ ಕಲಿತೆ. ಮಂಜಿನ ಚಿತ್ರ ಕಡತದಲ್ಲಿದ್ದಿದ್ದರೆ ಆ ದಿನ ಫಕೀರವ್ವನ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.