ನಾನು ಅರ್ಧ ಮಾಡಿದ ಗುಳಿಗೆ

ಅದು ೨೦೦೭. ಸಂಡೂರಿನ ರಸ್ತೆಯಲ್ಲಿ ಜನಕ್ಕಿಂತ ಕಬ್ಬಿಣದ ಅದಿರಿನ ಲಾರಿಗಳೇ ಹೆಚ್ಚಿದ್ದ ಕಾಲ. ನಮ್ಮ ಯಜಮಾನರೂ ಅಂಥದ್ದೊಂದು ಲಾರಿ ಓಡಿಸುತ್ತಿದ್ದರು. ಮಗಳು ಗೌರಿಗೆ ಐದು ವರ್ಷ. ಮಾತು ಬಂದಿರಲಿಲ್ಲ, ನಡೆದರೆ ತೂರಾಡುತ್ತಿದ್ದಳು, ನಗು ಮಾತ್ರ ಬಾಯಿ ತುಂಬ. ಆಗಾಗ ಫಿಟ್ಸ್ ಬರುತ್ತಿತ್ತು.

ಹೊಸಪೇಟೆಯ ಡಾಕ್ಟರ್ ರಕ್ತವನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಇದು ಜೀನ್‌ನಲ್ಲೇ ಇರುವ ದೋಷ, ಯಾರ ತಪ್ಪೂ ಅಲ್ಲ ಅಂದರು. ಮಿದುಳಿನಲ್ಲಿ ‘ಓಡು’ ಅನ್ನುವ ಸಂದೇಶ, ‘ನಿಲ್ಲು’ ಅನ್ನುವ ಸಂದೇಶ ಎರಡೂ ಸಮತೂಕದಲ್ಲಿ ಇರಬೇಕಂತೆ. ಗೌರಿಗೆ ‘ನಿಲ್ಲು’ ಅನ್ನೋದು ಕಡಿಮೆ.

“ಅಂದ್ರ ಬ್ರೇಕ್ ಹಿಡಿಯವಲ್ದು ಅನ್ರಿ” ಅಂದರು ಯಜಮಾನರು. ಡಾಕ್ಟರ್ ಹೌದೆಂದು, ಗುಳಿಗೆ ಆ ಬ್ರೇಕಿಗೆ ಬಲ ಕೊಡುತ್ತದೆ, ಒಂದು ಹೊತ್ತೂ ತಪ್ಪಿಸಬೇಡಿ ಎಂದು ಒತ್ತಿ ಹೇಳಿದರು.

ಫಿಟ್ಸ್ ನಿಂತಿತು. ಆದರೆ ಗೌರಿಗೆ ಸದಾ ಮಂಪರು, ನಗುವುದನ್ನೇ ಮರೆತಳು. ಎಂಟು ತಿಂಗಳಾಯಿತಲ್ಲ, ವಾಸಿಯಾಗಿರಬೇಕು ಅಂದುಕೊಂಡು ಯಾರಿಗೂ ಹೇಳದೆ ಗುಳಿಗೆ ಅರ್ಧ ಮಾಡಿದೆ. ನಾಲ್ಕೇ ದಿನಕ್ಕೆ ನಗು ಮರಳಿತು. ನನ್ನಂಥ ಜಾಣೆ ಯಾರಿದ್ದಾಳೆ ಅಂತ ಬೀಗಿದೆ, ದಡ್ಡಿ!

ಐದನೇ ದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಗೌರಿ ಸೆಟೆದು ಬಿದ್ದಳು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆಂದು ನಮ್ಮ ಕಡೆ ನಂಬಿಕೆ. ಅತ್ತೆ ಅವಳ ಮುಷ್ಟಿಗೆ ಬೀಗದ ಕೈ ತುರುಕಿದರು. ಆಮೇಲೆ ಕುಡುಗೋಲಿನ ಕಬ್ಬಿಣದ ಹಿಡಿ. ಸುತ್ತ ಗುಡ್ಡವೆಲ್ಲ ಕಬ್ಬಿಣವೇ, ನನ್ನ ಮಗಳಿಗೆ ಒಂದು ತುಂಡೂ ಕೆಲಸಕ್ಕೆ ಬರಲಿಲ್ಲ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಶುರು. ತುಟಿ ನೀಲಿಗಟ್ಟಿತು.

ಪಕ್ಕದ ಮನೆಯವರ ಜೀಪಿನಲ್ಲಿ ಹೊಸಪೇಟೆಗೆ ಹೊರಟೆವು. ರಸ್ತೆ ತುಂಬ ಲಾರಿ ಸಾಲು. ಯಜಮಾನರು ಇಳಿದು, ಒಬ್ಬೊಬ್ಬ ಡ್ರೈವರಿಗೂ ಕೈಮುಗಿದು ದಾರಿ ಬಿಡಿಸಿದರು. ನಾನು ಮಗಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಉಸಿರು ನೋಡುತ್ತಾ ಕೂತಿದ್ದೆ.

ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಗುಳಿಗೆ ಸರಿಯಾಗಿ ಕೊಟ್ಟಿದ್ದೀರಾ ಎಂದು ಡಾಕ್ಟರ್ ಕೇಳಿದರು. ಯಜಮಾನರು ಪಕ್ಕದಲ್ಲೇ ಇದ್ದರು. “ಕೊಟ್ಟೀನ್ರಿ” ಅಂದುಬಿಟ್ಟೆ.

ಹಾಗಾದರೆ ಈ ಔಷಧಿ ಸಾಲುತ್ತಿಲ್ಲ, ಇನ್ನೂ ಜೋರಾದದ್ದು ಸೇರಿಸಬೇಕು, ಅದರಿಂದ ಉಸಿರಾಟ ಕುಗ್ಗುವ ಅಪಾಯವಿದೆ, ಏನು ಮಾಡುವುದು ಅನ್ನುತ್ತಾ ಅವರು ಚೀಟಿ ಬರೆಯತೊಡಗಿದರು. ಪೆನ್ನು ಹಿಡಿದ ಅವರ ಕೈಯನ್ನೇ ಹಿಡಿದುಕೊಂಡೆ.

“ನಾನ ಅರ್ಧ ಕೊಟ್ಟೀನ್ರಿ. ಆಕಿ ನಗ್ಲಿ ಅಂತ.”

ಡಾಕ್ಟರ್ ಚೀಟಿ ಹರಿದರು. ಮಂಪರಿನ ವಿಷಯ ನನಗೆ ಹೇಳಿದ್ದರೆ ನಾನೇ ಹೊಂದಿಸಿ ಕೊಡುತ್ತಿದ್ದೆನಲ್ಲ ತಾಯಿ ಎಂದಷ್ಟೇ ಅಂದರು. ಯಜಮಾನರು ಬೈಯಲೇ ಇಲ್ಲ, ಗೋಡೆಗೆ ಮುಖ ಮಾಡಿ ಅತ್ತರು.

ಗೌರಿ ಈಗ ನನಗಿಂತ ಎತ್ತರ. ಫಿಟ್ಸ್ ಬಂದರೆ ಏನು ಮಾಡಬೇಕೆಂದು ಕಲಿತಿದ್ದೇನೆ, ಅದಕ್ಕೆ ಅಷ್ಟು ಹೆದರುವುದಿಲ್ಲ. ಆದರೆ ಗಂಡ ಬೈದಾರೆಂದು ಮಗಳ ಜೀವದ ಮೇಲೆ ಸುಳ್ಳು ಹೇಳಿದವಳು ನಾನು. ನನಗೆ ಇವತ್ತಿಗೂ ನನ್ನದೇ ಹೆದರಿಕೆ.