ಹಸಿ ಗಡಿಗಿ ಬಡದು ನೋಡಿದೆ

ಮಸ್ಕಿಯ ಕುಂಬಾರರ ಮನ್ಯಾಗ ಆ ಗಡಿಗಿ ತಾನಾಗೇ ಒಡೀಲಿಲ್ಲ, ನಾನೇ ಕೆಡಿಸಿದೆ. ಗಡಿಗಿ ತಗೊಳ್ಳುವಾಗ ಬೆರಳಿಲೆ ಬಡದು ನೋಡೋದು ನಮ್ಮ ರೂಢಿ. ಒಳಗಿನ ಮಬ್ಬಿನ್ಯಾಗ ಅದು ಇನ್ನೂ ಸುಡದ ಹಸಿ ಗಡಿಗಿ ಅಂತ ಗೊತ್ತಾಗಲಿಲ್ಲ. ಬೆರಳು ಸೀದಾ ಒಳಗ ಹೋತು.

“ಯವ್ವಾ, ಅದು ಮದುವ್ಯಾಗ ಪೂಜಾ ಮಾಡೋ ಐರಾಣಿ ಗಡಿಗಿ. ಬರೋ ವಾರ ಬಾಜಾ ಬಾರಿಸ್ಕೋತ ಒಯ್ಯಾಕ ಬರ್ತಾರ,” ಅಂದಳು ಕುಂಬಾರಗಿತ್ತಿ. ಒಂದು ಕೆಟ್ಟರ ಅದರ ಜೋಡಿವನ್ನೆಲ್ಲಾ ಹೊಸದಾಗಿ ಮಾಡಬೇಕಂತ. ಮೋಡದ ದಿನ, ಹೊತ್ತಿಗೆ ಒಣಗ್ತಾವೋ ಇಲ್ಲೋ.

ಅಲ್ಲಿಂದ ನಾನೂ ಜೋಡಿಗಿದ್ದ ಮೊಮ್ಮಗಳೂ ಲಿಂಗಸುಗೂರು ಕಡೆ ಜಲಪಾತಕ್ಕ ಹೋದ್ವಿ. “ಅಜ್ಜಿ, ಇದನ್ನೂ ಬಡದು ನೋಡ್ತೀಯೇನು?” ಅಂದಳು ಮೊಮ್ಮಗಳು. ನನಗ ನಗು ಬರಲಿಲ್ಲ. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಪುಂಡಿಪಲ್ಲೆ ಎಲ್ಲಾ ಆಕಿಗೇ ಕೊಟ್ಟೆ.

ಮರುದಿನ ಮುಂಜಾನೆ ನಮ್ಮೂರು ತುರ್ವಿಹಾಳದಿಂದ ಮೊದಲ ಬಸ್ಸಿಗೇ ಮಸ್ಕಿಗೆ ಹೋಗಿ, ಕುಂಬಾರಗಿತ್ತಿ ಬ್ಯಾಡ ಅಂದರೂ ಸೀರಿ ಮ್ಯಾಲ ಕಟ್ಟಿ ಹೊಸ ಗಡಿಗಿಗೆ ಮಣ್ಣು ತುಳಿದೆ.